ಮೀಟರಿನಲ್ಲಿ 11 ನಾಟ್, ನೀರಿನಲ್ಲಿ ನಾನು: ಮಂದಗಾಳಿ ಅಳೆದ ಒಂದು ಪ್ರಕರಣ

ಸಂಜೆ ನಾಲ್ಕೂವರೆ. ಗೆಳೆಯ ಮರಳ ದಿಬ್ಬದ ಮೇಲೆ ನಿಂತು ಗಾಳಿಯ ವೇಗ ಅಳೆಯುವ ಮೀಟರ್ ಎತ್ತಿ ಹಿಡಿದಿದ್ದ. "ಒಂಬತ್ತೂವರೆ... ಹತ್ತು... ಹನ್ನೊಂದು ಮುಟ್ಟಿತು, ಹೊರಡು ಮಾರಾಯ!" ಎಂದು ಕೂಗಿದ. ನಮ್ಮದು ಕೈಟ್‌ಬೋರ್ಡಿಂಗ್, ದೊಡ್ಡ ಗಾಳಿಪಟದ ಎಳೆತಕ್ಕೆ ಬೋರ್ಡಿನ ಮೇಲೆ ನಿಂತು ನೀರಿನಲ್ಲಿ ಓಡುವ ಆಟ. ನನ್ನದು 15 ಚದರ ಮೀಟರಿನ, ಪಂಪು ಹೊಡೆದು ಉಬ್ಬಿಸುವ ಕೈಟ್. ಅಗಲದ ಬೋರ್ಡ್. ಮೈತೂಕ 78 ಕೆ.ಜಿ. ಹತ್ತು ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದರೆ ನನಗೆ ಸಾಕು ಎಂಬುದು ಅಲ್ಲಿಯವರೆಗಿನ ಲೆಕ್ಕ. ಹೊರಟೆ.

ದಡದಿಂದ ಇನ್ನೂರು ಮೀಟರ್ ಹೋಗಿರಬೇಕು, ಕೈಟನ್ನು ಆಡಿಸಲು ಕೈಯಲ್ಲಿ ಹಿಡಿದಿದ್ದ ಬಾರ್ ಸಡಿಲವಾಯಿತು. ಅದನ್ನು ಕೈಟಿಗೆ ಕಟ್ಟಿದ ಲೈನುಗಳು ಜೋತುಬಿದ್ದವು. ಕೈಟ್ ನೆತ್ತಿಯ ಮೇಲೆ ಒಂದೆರಡು ಸಲ ತೂಗಾಡಿ, ಒಣಗಿದ ಎಲೆ ಉದುರಿದ ಹಾಗೆ ನೀರಿಗಿಳಿಯಿತು. ಮತ್ತೆ ಏಳಲಿಲ್ಲ. ಹಾರುತ್ತಿರುವ ಕೈಟನ್ನು ಹಾರಿಸಿಕೊಂಡಿರಲು ಬೇಕಾಗುವುದಕ್ಕಿಂತ ನೀರಿಗೆ ಬಿದ್ದದ್ದನ್ನು ಎಬ್ಬಿಸಲು ಹೆಚ್ಚು ಗಾಳಿ ಬೇಕು. ಅದು ಅಲ್ಲಿರಲಿಲ್ಲ. ಲೈನು ಸುತ್ತಿಕೊಂಡು, ಕೈಟನ್ನೇ ತೆಪ್ಪ ಮಾಡಿಕೊಂಡು ಕಾಲು ಬಡಿಯುತ್ತ ದಡ ಸೇರುವಾಗ 40 ನಿಮಿಷ ಕಳೆದಿತ್ತು. ಗೆಳೆಯ ದಿಬ್ಬ ಇಳಿದೇ ಇರಲಿಲ್ಲ. ಮಾತಿಲ್ಲದೆ ಮೀಟರನ್ನು ನನ್ನ ಮುಖಕ್ಕೆ ಹಿಡಿದ. 10.4.

ಒಂಬತ್ತು ದಿನ ಬಿಟ್ಟು ಇದರ ಉಲ್ಟಾ ಆಯಿತು. ಬೆಳಗಿನ ಹೊತ್ತು, ಈ ಸಲ ಮೀಟರ್ ನನ್ನದೇ. 7.5 ತೋರಿಸಿತು. ಹಿಂದಿನ ಈಜು ನೆನಪಿತ್ತಲ್ಲ, ಕೈಟ್ ಬಿಚ್ಚುವ ಗೋಜಿಗೇ ಹೋಗದೆ ಕೂತೆ. ಅಷ್ಟರಲ್ಲಿ ಇನ್ನೊಬ್ಬ ಬಂದ. ನನ್ನಷ್ಟೇ ದೊಡ್ಡ ಕೈಟ್, ನನಗಿಂತ ಭಾರದ ಆಳು. ಮೀಟರ್ ಗೀಟರ್ ನೋಡದೆ ಇಳಿದು, ಒಂದು ಗಂಟೆ ಕಾಲ ನನ್ನ ಕಣ್ಣೆದುರಿಗೇ ಅತ್ತಿಂದಿತ್ತ ಓಡಾಡಿದ.

ಮೀಟರ್ ಕೆಟ್ಟಿದೆ ಎಂದು ಎಲ್ಲರೂ ಅಂದರು. ನಾನೂ ಅಂದುಕೊಂಡೆ. ಆದರೆ ಮೀಟರ್ ಎರಡು, ಒಂದು ಹೆಚ್ಚು ಹೇಳಿತ್ತು, ಇನ್ನೊಂದು ಕಡಿಮೆ. ಎರಡೂ ಒಂದೊಂದು ದಿಕ್ಕಿಗೆ ಕೆಟ್ಟಿವೆ ಎಂದು ನಂಬಲು ಮನಸ್ಸು ಒಪ್ಪಲಿಲ್ಲ. ಮುಂದಿನ ಐದಾರು ವಾರ ನಾವು ಮೂವರು ಇದರ ಬೆನ್ನು ಹತ್ತಿದೆವು.

ಒಂದೆರಡು ನಾಟಿಗೆ ಇಷ್ಟು ರಾದ್ಧಾಂತ ಏಕೆ ಎಂದು ಕೇಳುವವರಿಗೆ ಲೆಕ್ಕ ಇಲ್ಲಿದೆ. ಕೈಟಿನ ಎಳೆತ ಗಾಳಿಯ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 8 ನಾಟಿನಲ್ಲಿ 64 ಇದ್ದ ಎಳೆತ 10 ನಾಟಿನಲ್ಲಿ 100 ಆಗುತ್ತದೆ, ಅಂದರೆ ಅರ್ಧಕ್ಕಿಂತ ಹೆಚ್ಚು ಏರಿಕೆ. ಅದೇ 2 ನಾಟ್ ವ್ಯತ್ಯಾಸ 25ರಿಂದ 27ಕ್ಕೆ ಆದರೆ ಎಳೆತ ಏರುವುದು ಶೇಕಡಾ 17 ಮಾತ್ರ. ಜೋರುಗಾಳಿಯಲ್ಲಿ ಆಡುವವರಿಗೆ ಮೀಟರಿನ ಒಂದೆರಡು ನಾಟ್ ತಪ್ಪು ಲೆಕ್ಕಕ್ಕೇ ಬರುವುದಿಲ್ಲ. ಮಂದಗಾಳಿಯಲ್ಲಿ ಓಡುವುದಕ್ಕೂ ಈಜುವುದಕ್ಕೂ ನಡುವೆ ಇರುವುದೇ ಅಷ್ಟು.

ಮೊದಲು ಉಪಕರಣವನ್ನೇ ಹಿಡಿದೆವು. ಗೊತ್ತಾದ ವೇಗದಲ್ಲಿ ಗಾಳಿ ಹಾಯಿಸಿ ಪರೀಕ್ಷಿಸುವ ಗಾಳಿ ಸುರಂಗ ಎಲ್ಲಿಂದ ತರುವುದು? ಎಲೆ ಅಲುಗದ ಒಂದು ಮುಂಜಾವು, ಸಮತಟ್ಟಾದ ಖಾಲಿ ರಸ್ತೆ, ಒಂದು ಸೈಕಲ್. ಹ್ಯಾಂಡಲ್‌ಗೆ ಕೋಲು ಕಟ್ಟಿ, ಸವಾರನ ಮೈ ಒತ್ತಿದ ಗಾಳಿ ತಾಗದಷ್ಟು ಮುಂದಕ್ಕೂ ಮೇಲಕ್ಕೂ ಚಾಚಿ, ತುದಿಗೆ ಎರಡೂ ಮೀಟರ್ ಅಕ್ಕಪಕ್ಕ ಬಿಗಿದೆವು. ಕಾರಿನ ಕಿಟಕಿಯಿಂದ ಕೈ ಹೊರಗೆ ಹಿಡಿದು ಪರೀಕ್ಷೆ ಮಾಡುವವರಿದ್ದಾರೆ. ನನಗದು ಸರಿಬರುವುದಿಲ್ಲ, ಕಾರಿನ ಪಕ್ಕದಲ್ಲಿ ಗಾಳಿ ಕಾರಿಗಿಂತ ಬೇರೆಯೇ ವೇಗದಲ್ಲಿ ಸರಿಯುತ್ತದೆ. ಸೈಕಲ್ಲಿನ ವೇಗಕ್ಕೆ ಫೋನಿನ ಜಿಪಿಎಸ್ ಇತ್ತು. ಹೋಗುತ್ತ ಒಂದು ಸಲ, ಬರುತ್ತ ಒಂದು ಸಲ ಓದಿ ಸರಾಸರಿ ತೆಗೆದರೆ, ನಮಗೆ ತಿಳಿಯದಷ್ಟು ಮೆಲ್ಲಗೆ ಗಾಳಿ ಬೀಸುತ್ತಿದ್ದರೂ ಅದರ ಪ್ರಭಾವ ಬಹುಪಾಲು ಹೊಡೆದುಹೋಗುತ್ತದೆ.

ಗಂಟೆಗೆ 15 ಕಿ.ಮೀ. ಅಂದರೆ 8.1 ನಾಟ್. ಗೆಳೆಯನದು ಗಾಳಿಗೆ ತಿರುಗುವ ಪುಟ್ಟ ಬಟ್ಟಲುಗಳ ಮೀಟರ್, ಅದು 8.2 ಎಂದಿತು. ನನ್ನ ಪುಟ್ಟ ಫ್ಯಾನಿನ ಮೀಟರ್ 7.0. ಸಿಕ್ಕಿಬಿತ್ತು ಕಳ್ಳ ಎಂದುಕೊಂಡು 25 ಕಿ.ಮೀ.ಗೆ, ಅಂದರೆ 13.5 ನಾಟಿಗೆ ಏರಿಸಿದರೆ ನನ್ನದು 13.2 ತೋರಿಸಿತು. ಜೋರಿನಲ್ಲಿ ಪ್ರಾಮಾಣಿಕ, ಮೆಲ್ಲಗೆ ಹೋದರೆ ಸುಳ್ಳುಗಾರ! ಇದಕ್ಕೆ ಕಾರಣ ಬೇರಿಂಗ್. ಫ್ಯಾನನ್ನು ತಿರುಗಿಸುವ ಗಾಳಿಯ ಬಲವೂ ವೇಗದ ವರ್ಗದಂತೆಯೇ ಇಳಿಯುತ್ತದೆ. ಉಪ್ಪು, ಮರಳಿನ ಪುಡಿ ಸೇರಿ ಬಿಗಿಯಾದ ಬೇರಿಂಗಿನ ತಡೆ ಮಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಾಗಾಗಿ ಕೊಳೆ ಹಿಡಿದ ಮೀಟರಿನ ತಪ್ಪು ಮಂದಗಾಳಿಯಲ್ಲೇ ಎದ್ದು ಕಾಣುತ್ತದೆ, ಬೇಕಾದ ಜಾಗದಲ್ಲೇ ಕೈಕೊಡುತ್ತದೆ. ಫ್ಯಾನ್ ಬಿಚ್ಚಿ ರಾತ್ರಿಯಿಡೀ ಸಿಹಿನೀರಿನಲ್ಲಿ ನೆನೆಸಿ, ಊದಿ ಒಣಗಿಸಿದ ಮೇಲೆ ಅದೇ 8.1ಕ್ಕೆ 7.7 ಬಂತು. ಎಣ್ಣೆ ಬಿಡುವ ಆಸೆ ಆಯಿತು, ಬಿಡಲಿಲ್ಲ. ಎಣ್ಣೆಗೆ ಮರಳು ಇನ್ನಷ್ಟು ಅಂಟುತ್ತದೆ.

ಎರಡನೆಯ ದಿನದ 7.5ಕ್ಕೆ ಅರ್ಧ ಉತ್ತರ ಸಿಕ್ಕಿತು. ಮೊದಲ ದಿನದ 11 ಹಾಗೆಯೇ ಉಳಿಯಿತು. ಆ ಬಟ್ಟಲಿನ ಮೀಟರ್ ಸರಿಯಾಗಿಯೇ ಇತ್ತಲ್ಲ!

ಬಟ್ಟಲಿನ ಮೀಟರನ್ನು ಜನ ಸ್ವಲ್ಪ ಅತಿಯಾಗಿಯೇ ನಂಬುತ್ತಾರೆ. 1846ರಲ್ಲಿ ಅದನ್ನು ಮಾಡಿದ ಐರ್ಲೆಂಡಿನ ಥಾಮಸ್ ರಾಮ್ನಿ ರಾಬಿನ್ಸನ್ ಕೂಡ ನಂಬಿದ್ದರು. ಬಟ್ಟಲು ಎಷ್ಟೇ ದೊಡ್ಡದಿರಲಿ, ತೋಳು ಎಷ್ಟೇ ಉದ್ದವಿರಲಿ, ಅವು ಗಾಳಿಯ ಮೂರನೇ ಒಂದು ವೇಗದಲ್ಲಿ ತಿರುಗುತ್ತವೆ ಎಂಬುದು ಅವರ ಲೆಕ್ಕ. ಅದು ತಪ್ಪೆಂದು ಆಮೇಲೆ ತಿಳಿಯಿತು. ನಮಗೆ ಮುಖ್ಯವಾದದ್ದು ಬಟ್ಟಲುಗಳ ಇನ್ನೊಂದು ಗುಣ. ಗಾಳಿ ಏರಿದರೆ ಅವು ಬೇಗ ಓಟ ಹಿಡಿಯುತ್ತವೆ, ಇಳಿದರೆ ತಡವಾಗಿ ನಿಧಾನಿಸುತ್ತವೆ. ಏರಿಳಿತದ ಗಾಳಿಯಲ್ಲಿ ಅವುಗಳ ಸರಾಸರಿ ಹಾಗಾಗಿ ನಿಜಕ್ಕಿಂತ ತುಸು ಮೇಲಿರುತ್ತದೆ. ಹಗುರ ಪ್ಲಾಸ್ಟಿಕ್ಕಿನ ಸಣ್ಣ ಬಟ್ಟಲಲ್ಲಿ ಇದು ಅಲ್ಪವೇ. 40 ನಿಮಿಷದ ಈಜನ್ನು ಇದೊಂದರ ತಲೆಗೆ ಕಟ್ಟಲಾಗದು.

ಆಮೇಲೆ ಜಾಗದ ಸರದಿ. ಗೆಳೆಯ ಯಾವಾಗಲೂ ದಿಬ್ಬದ ಮೇಲೇ ನಿಲ್ಲುತ್ತಿದ್ದ. ಎಲ್ಲ ಕಾಣುತ್ತದೆ, ಗಾಳಿಯೂ ಚೆನ್ನಾಗಿ ಬರುತ್ತದೆ ಎಂಬುದು ಅವನ ವಾದ. ತಕರಾರೇ ಅದು, ಗಾಳಿ ಅಲ್ಲಿ ಬೇಕಾದ್ದಕ್ಕಿಂತ ಚೆನ್ನಾಗಿ ಬರುತ್ತದೆ. ನೀರಿನ ಮೇಲೆ ಸರಾಗ ಬಂದ ಗಾಳಿ ದಿಬ್ಬದ ಇಳಿಜಾರಿಗೆ ಬಡಿದು ಮೇಲೇರುವಾಗ ಇಕ್ಕಟ್ಟಾಗಿ, ನೆತ್ತಿಯಲ್ಲಿ ಓಟ ಹೆಚ್ಚಿಸಿಕೊಳ್ಳುತ್ತದೆ. ದಿಬ್ಬದ ಹಿಂದೆ ನಿಂತರೆ ಅದೇ ಗಾಳಿ ಸತ್ತಂತಿರುತ್ತದೆ. ಒಬ್ಬ ನೆತ್ತಿಯಲ್ಲಿ, ಒಬ್ಬ ಅಲೆ ಕಾಲಿಗೆ ತಾಗುವ ಅಂಚಿನಲ್ಲಿ ನಿಂತು ಒಂದೇ ಹೊತ್ತಿಗೆ ಓದಿದೆವು. ಆಮೇಲೆ ಮೀಟರುಗಳನ್ನು ಅದಲುಬದಲು ಮಾಡಿಕೊಂಡು ಮತ್ತೆ ಓದಿದೆವು, ಇಲ್ಲವಾದರೆ ವ್ಯತ್ಯಾಸ ಜಾಗದ್ದೋ ಮೀಟರಿನದ್ದೋ ಗೊತ್ತಾಗುವುದಿಲ್ಲ. ಎತ್ತರ ಮೂರು ಮೀಟರೂ ಇಲ್ಲದ ದಿಬ್ಬ, ಒಂದೂವರೆ ನಾಟ್ ಹೆಚ್ಚು ಹೇಳುತ್ತಿತ್ತು.

ನನ್ನ ತಪ್ಪು ಇನ್ನೂ ಪೆದ್ದುತನದ್ದು. ಮೀಟರನ್ನು ಎದೆಯ ಮುಂದೆ, ಫೋನಿನಲ್ಲಿ ಮೆಸೇಜ್ ಓದುವ ಹಾಗೆ ಹಿಡಿದು ಗಾಳಿಗೆ ಮುಖಮಾಡಿ ನಿಲ್ಲುತ್ತಿದ್ದೆ. ಮೈಗೆ ಬಡಿಯಲಿರುವ ಗಾಳಿ ಮೈಯ ಮುಂದೆಯೇ ನಿಧಾನಿಸುತ್ತದೆ. ಗಾಳಿಗೆ ಪಕ್ಕ ತಿರುಗಿ, ತೋಳು ಚಾಚಿ, ತಲೆಗಿಂತ ಮೇಲೆ ಹಿಡಿದಾಗ ಅರ್ಧ ನಾಟಿಗಿಂತ ಹೆಚ್ಚು ಏರಿತು. ಫ್ಯಾನಿನ ಮೀಟರಿಗೆ ಇನ್ನೊಂದು ಕಾಟ ಇದೆ. ಅದು ಗಾಳಿಗೆ ನೇರವಾಗಿ ಮುಖ ಮಾಡಿರಬೇಕು, ಓರೆಯಾದರೆ ಕಡಿಮೆ ತೋರಿಸುತ್ತದೆ. ಬಟ್ಟಲಿಗೆ ದಿಕ್ಕಿನ ಚಿಂತೆ ಇಲ್ಲ, ನೆಟ್ಟಗೆ ನಿಲ್ಲಿಸಿದರಾಯಿತು.

ಎತ್ತರದ ಮಾತಿಗೆ ಬರುತ್ತೇನೆ. ನನ್ನ 'ಹತ್ತು ನಾಟ್ ಸಾಕು' ಎಂಬ ಗಡಿ ಎಲ್ಲಿಂದ ಬಂದದ್ದು ಎಂದು ಯೋಚಿಸಿದಾಗ ನಗು ಬಂತು. ಹಿಂದೆ ಯಾವ್ಯಾವ ದಿನ ಸವಾರಿ ಸಿಕ್ಕಿತ್ತೋ ಆ ದಿನಗಳ ಮುನ್ಸೂಚನೆ ನೋಡಿ ಕಟ್ಟಿಕೊಂಡ ಅಂಕಿ ಅದು. ಹವಾಮಾನ ಮುನ್ಸೂಚನೆ ಹೇಳುವುದು 10 ಮೀಟರ್ ಎತ್ತರದ ಗಾಳಿ, ಜಗತ್ತಿನಾದ್ಯಂತ ಒಪ್ಪಿಕೊಂಡ ಎತ್ತರ ಅದೇ. ನನ್ನ ಕೈ ಇರುವುದು 2 ಮೀಟರಿನಲ್ಲಿ. ಕೈಟ್ ಹಾರುವುದು ಸುಮಾರು 20 ಮೀಟರಿನಲ್ಲಿ. ನೀರಿನ ಮೇಲ್ಮೈಗೆ ಉಜ್ಜಿಕೊಂಡು ಹೋಗುವ ಗಾಳಿ ಕೆಳಗೆ ನಿಧಾನ, ಮೇಲೆ ಹೋದಂತೆ ಜೋರು. ಬಯಲು ನೀರಿನ ಮೇಲೆ ಗಾಳಿ ಚೆನ್ನಾಗಿ ಬೆರೆತಿರುವಾಗ, ಮುನ್ಸೂಚನೆಯ 10 ನಾಟ್ ನನ್ನ ಕೈಯಲ್ಲಿ ಹತ್ತಿರಹತ್ತಿರ 8.5, ಕೈಟಿನ ಬಳಿ ಹೆಚ್ಚುಕಮ್ಮಿ 10.6. ಕೈಗೂ ಕೈಟಿಗೂ ನಡುವೆ ವೇಗದಲ್ಲಿ ನಾಲ್ಕನೇ ಒಂದು ಪಾಲು, ಎಳೆತದಲ್ಲಿ ಅರ್ಧಕ್ಕಿಂತ ಹೆಚ್ಚು ಅಂತರ. ಮುನ್ಸೂಚನೆಯ ಹತ್ತನ್ನು ಕೈಮೀಟರಿನಲ್ಲಿ ಹುಡುಕುತ್ತಿದ್ದೆ ನಾನು.

ಈ ಅಂತರ ದಿನವಿಡೀ ಒಂದೇ ಆಗಿರುವುದಿಲ್ಲ, ಎರಡನೆಯ ದಿನದ ಬಾಕಿ ಉತ್ತರ ಇದ್ದದ್ದು ಇಲ್ಲೇ. ಅವತ್ತು ಬೆಳಗ್ಗೆ ಬೆಚ್ಚನೆಯ ಗಾಳಿ ತಣ್ಣನೆಯ ನೀರಿನ ಮೇಲೆ ಬರುತ್ತಿತ್ತು. ಹಾಗಿರುವಾಗ ನೀರಿಗೆ ತಾಗಿದ ತಂಪು ಗಾಳಿ ಭಾರವಾಗಿ ಕೆಳಗೇ ಪದರಗಟ್ಟಿ ಮಲಗುತ್ತದೆ, ಮೇಲಿನ ಗಾಳಿಯ ಓಟ ಕೆಳಕ್ಕೆ ಇಳಿಯುವುದಿಲ್ಲ. ನೀರು ನೋಡಿದರೆ ಸುಕ್ಕಿಲ್ಲದ ಬಟ್ಟೆ, ಮೇಲೆ ಕೈಟ್ ಮಾತ್ರ ಜಗ್ಗುತ್ತಿರುತ್ತದೆ. ನೀರಿಗಿಂತ ತಂಪಾದ ಗಾಳಿ ಬೀಸುವ ಹೊತ್ತಿನಲ್ಲಿ ಎಲ್ಲ ಕಲಸಿ, ಮೇಲಿಗೂ ಕೆಳಗಿಗೂ ಅಂತರ ಕುಗ್ಗುತ್ತದೆ. 6 ಮೀಟರ್ ಎತ್ತರದ, ಮಡಚುವ ಕೋಲಿನ ತುದಿಗೆ ಮೀಟರ್ ಕಟ್ಟಿ, ಕೈಯ ಎತ್ತರದ ಓದಿಗೆ ಹೋಲಿಸಿ ನೋಡಿದೆವು. ಮಧ್ಯಾಹ್ನ ಶೇಕಡಾ 10ರಷ್ಟು ಹೆಚ್ಚು. ಅಂಥದ್ದೇ ಒಂದು ಬೆಳಗ್ಗೆ ಶೇಕಡಾ 25 ದಾಟಿತು. ಕೋಲು ಹಿಡಿದ ಗೆಳೆಯನ ರಟ್ಟೆ ಬಿದ್ದುಹೋಯಿತು, ಆ ಪ್ರಯೋಗ ಎರಡೇ ದಿನಕ್ಕೆ ಮುಗಿಯಿತು.

ಇಷ್ಟಾದರೂ ನನ್ನನ್ನು ನೀರಿಗೆ ಹಾಕಿದ ಅಸಲಿ ಕಾರಣ ಇದಾವುದೂ ಅಲ್ಲ. "ಹನ್ನೊಂದು ಮುಟ್ಟಿತು" ಎಂದನಲ್ಲ, ಆ ಮಾತಿನಲ್ಲೇ ಇತ್ತು. ಮೀಟರಿನ ಪರದೆ ಸೆಕೆಂಡಿಗೊಮ್ಮೆ ಬದಲಾಗುತ್ತದೆ. 7.9, 9.4, 8.6, 10.8, 8.8. ನೀರಿಗಿಳಿಯುವ ಆಸೆಯಿಂದ ನೋಡುವವನ ಕಣ್ಣು ಹಿಡಿಯುವುದು 10.8 ಒಂದನ್ನೇ. ಬಾಯಿ ಅದನ್ನು ಹನ್ನೊಂದು ಮಾಡುತ್ತದೆ.

ಹಾಗಾಗಿ ಕಣ್ಣನ್ನು ಬದಿಗಿಟ್ಟು, ಒಂದು ಸಂಜೆ ಅಲೆಯಂಚಿನಲ್ಲಿ ಮೀಟರನ್ನು ಕೋಲಿಗೆ ಕಟ್ಟಿ, ಪರದೆಯ ಮುಂದೆ ಫೋನ್ ಇಟ್ಟು 10 ನಿಮಿಷ ವಿಡಿಯೊ ಮಾಡಿದೆವು. ಆ ಹೊತ್ತಿನಲ್ಲಿ ನಾನು ನೀರಿನಲ್ಲಿದ್ದೆ. ರಾತ್ರಿ ಕೂತು ಐದೈದು ಸೆಕೆಂಡಿಗೆ ನಿಲ್ಲಿಸಿ ಒಂದೊಂದೇ ಅಂಕಿ ಬರೆದುಕೊಂಡೆ. ಒಟ್ಟು 120. ಬೇಸರದ ಕೆಲಸ, ಆದರೆ ಅರ್ಧ ಪುಟ ತುಂಬುವಷ್ಟರಲ್ಲಿ ಗಾಳಿಯ ನಡಿಗೆ ಕಾಣತೊಡಗಿತು. ನಾನು ಅಂದುಕೊಂಡಿದ್ದ ಹಾಗೆ ಅದು ಒಂದು ಮಟ್ಟದ ಆಚೀಚೆ ಕುಣಿಯುತ್ತಿರಲಿಲ್ಲ. ಎರಡು ಮೂರು ನಿಮಿಷ ಏರಿದ್ದು, ಆಮೇಲೆ ಒಮ್ಮೆಲೇ ಕುಸಿದು, ಅಲ್ಲೇ ಕೂತು, ಮತ್ತೆ ನಿಧಾನ ಏಳುತ್ತಿತ್ತು. ಸರಾಸರಿ 9.1. ಮೇಲಿನದು 11.6. ಕೆಳಗಿನದು 6.3. ಆರನೆಯ ನಿಮಿಷ ಮುಗಿಯುವ ಹೊತ್ತಿಗೆ ಸಾಲಾಗಿ ಎಂಟು ಅಂಕಿ, ಅಂದರೆ 40 ಸೆಕೆಂಡು, ಏಳೂವರೆಯ ಕೆಳಗೆ. ನೀರಿನಲ್ಲಿ ಆಗ ಏನಾಯಿತೆಂದು ನನಗೆ ನೆನಪಿತ್ತು. ಬಾರ್ ಸಡಿಲವಾಗಿ, ಕೈಟನ್ನು ಹುಚ್ಚನಂತೆ ಎಂಟರ ಆಕಾರದಲ್ಲಿ ಓಡಿಸಿ ಹೇಗೋ ಉಳಿಸಿಕೊಂಡಿದ್ದೆ.

ಎಳೆತದ ಲೆಕ್ಕದಲ್ಲಿ 7 ನಾಟ್ ಎಂದರೆ 9 ನಾಟಿನ ಶೇಕಡಾ 60 ಮಾತ್ರ. ಐದು ಸೆಕೆಂಡಿನ ಇಳಿತವಾದರೆ ಬೋರ್ಡಿನ ಓಟವೇ ದಾಟಿಸುತ್ತದೆ. ಓಡುತ್ತಿರುವಾಗ ಕೈಟಿಗೆ ತಾಗುವ ಗಾಳಿಯಲ್ಲಿ ಒಂದು ಪಾಲು ನಾವೇ ಓಡಿ ಹುಟ್ಟಿಸಿಕೊಂಡದ್ದು. 40 ಸೆಕೆಂಡಿನಲ್ಲಿ ಆ ಓಟ ಕರಗುತ್ತದೆ, ಅದರೊಂದಿಗೆ ಆ ಗಾಳಿಯೂ ಹೋಗುತ್ತದೆ, ಬೋರ್ಡ್ ಮುಳುಗುತ್ತದೆ. ಮತ್ತೆ ಏಳಲು ಮೊದಲಿಗಿಂತ ಹೆಚ್ಚು ಗಾಳಿ ಬೇಕು. ಸರಾಸರಿ ಗಾಳಿ ಸವಾರಿಯನ್ನು ಶುರು ಮಾಡಿಸುತ್ತದೆ, ಅದು ಉಳಿಯುತ್ತದೋ ಇಲ್ಲವೋ ಎಂಬುದನ್ನು ಇಳಿತವೂ ಅದರ ಉದ್ದವೂ ನಿರ್ಧರಿಸುತ್ತವೆ. ಇಷ್ಟು ದಿನ ನಾವು ಅಳೆಯುತ್ತಿದ್ದದ್ದು ಇವೆರಡನ್ನೂ ಅಲ್ಲ, ಏರನ್ನು.

ಈಗ ಹಳೆಯ ಎರಡು ದಿನಗಳನ್ನು ಮತ್ತೆ ಲೆಕ್ಕ ಹಾಕಬಹುದು. ಮೊದಲ ದಿನದ 11 ದಿಬ್ಬದ ಮೇಲಿನ ತುತ್ತತುದಿ. ದಿಬ್ಬದ ಒಂದೂವರೆ ಕಳೆದರೆ ಅಲೆಯಂಚಿನಲ್ಲಿ 9.5, ಅದೂ ತುದಿಯೇ. ಸರಾಸರಿ ಅದಕ್ಕಿಂತ ಎರಡರಷ್ಟು ಕೆಳಗೆ, ಏಳೂವರೆಯ ಆಸುಪಾಸು. ಇಳಿತ ಆರರ ಹತ್ತಿರ. ಕೈಯ ಎತ್ತರದಲ್ಲಿ ನನಗೆ ಬೇಕಾದದ್ದು 8.5 ಸರಾಸರಿ. ಕೈಟ್ ಬೀಳದೆ ಇನ್ನೇನು? ಎರಡನೆಯ ದಿನದ 7.5ಕ್ಕೆ ಬೇರಿಂಗ್ ತಿಂದದ್ದನ್ನು ಸೇರಿಸಿದರೆ 8.6, ಎದೆ ತಡೆದದ್ದನ್ನು ಸೇರಿಸಿದರೆ 9ರ ಮೇಲೆ, ಬೆಳಗಿನ ಪದರದಿಂದಾಗಿ ಕೈಟಿನ ಬಳಿ 12ಕ್ಕೂ ಕಡಿಮೆ ಇದ್ದಿರಲಾರದು. ಪದರಗಟ್ಟಿದ ಗಾಳಿಯಲ್ಲಿ ಏರಿಳಿತವೂ ಕಡಿಮೆ. ಆ ಭಾರದ ಮನುಷ್ಯ ಒಂದು ಗಂಟೆ ಓಡಾಡಿದ್ದರಲ್ಲಿ ಪವಾಡವೇನೂ ಇಲ್ಲ.

ಈಗ ನಾವು ಮಾಡುವುದು ಇಷ್ಟು. ಅಲೆಯಂಚಿಗೆ ಹೋಗಿ, ಗಾಳಿ ಬರುವ ಕಡೆ ಏನೂ ಅಡ್ಡವಿಲ್ಲದಲ್ಲಿ ನಿಂತು, ತೋಳೆತ್ತಿ 5 ನಿಮಿಷ ಓದುತ್ತೇವೆ. ತೋಳು ನೋಯುತ್ತದೆ, ಬದಲಾಯಿಸಿಕೊಳ್ಳುತ್ತೇವೆ. ಸರಾಸರಿ ಒಂದು, ಅತಿ ಕೆಳಗಿನ ಇಳಿತ ಒಂದು, ಅದು ಎಷ್ಟು ಹೊತ್ತು ಕೂತಿತು ಎಂಬುದೊಂದು. 'ಗರಿಷ್ಠ' ಬಟನ್ನನ್ನು ಮುಟ್ಟುವುದಿಲ್ಲ. ಸವಾರಿ ಹೇಗಾಯಿತು ಎಂಬುದನ್ನು ಅದೇ ಸಾಲಿನಲ್ಲಿ ನೋಟ್‌ಬುಕ್ಕಿಗೆ ಸೇರಿಸುತ್ತೇವೆ. ಅಳತೆಯ ಏಕಮಾನವನ್ನೂ ಬೇಕೆಂದೇ ಬರೆಯುತ್ತೇವೆ: ಮೂರನೆಯವನು ಬಹಳ ದಿನ ಓದುತ್ತಿದ್ದದ್ದು ಗಂಟೆಗೆ ಕಿ.ಮೀ.ನಲ್ಲಿ. ಅವನ '16 ಇದೆ' ಎಂಬ ಉದ್ಗಾರ ಒಂಬತ್ತು ನಾಟೂ ಆಗಿರಲಿಲ್ಲ.

ದುಬಾರಿ ಮೀಟರ್ ಕೊಳ್ಳೋಣವೇ ಎಂಬ ಚರ್ಚೆಯೂ ನಡೆಯಿತು. ತಿರುಗುವ ಭಾಗವೇ ಇಲ್ಲದ, ಶಬ್ದದ ಅಲೆ ಆಚೆ ತಲುಪುವ ಸಮಯದಿಂದ ಗಾಳಿ ಅಳೆಯುವ ಮೀಟರುಗಳಿವೆ. ಉಪ್ಪು ಹಿಡಿಯುವ ಬೇರಿಂಗ್ ಅವುಗಳಲ್ಲಿ ಇಲ್ಲ, ಒಳ್ಳೆಯವೇ. ಆದರೆ ಅದನ್ನೂ ದಿಬ್ಬದ ಮೇಲೆ ಹಿಡಿದು ತುದಿಯ ಅಂಕಿಯನ್ನೇ ಕೂಗಿದರೆ ಬಂದ ಭಾಗ್ಯವೇನು? ಸಾಧಾರಣ ಮೀಟರನ್ನು ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ರೀತಿಯಲ್ಲಿ ಹಿಡಿಯುವವನು ನನ್ನ ಕಣ್ಣಿನಲ್ಲಿ ಮುಂದಿದ್ದಾನೆ. 2024ರ ಒಲಿಂಪಿಕ್ಸ್‌ನಲ್ಲಿ ಕೈಟ್ ಮೊದಲ ಸಲ ಸೇರಿದಾಗ ಮಾರ್ಸೇಯ್‌ನ ನೀರಿನಲ್ಲಿ ಗಾಳಿಗಾಗಿ ಕಾದು ಕೂರುವ ಪಾಡು ಅಲ್ಲಿನ ಸ್ಪರ್ಧಿಗಳಿಗೂ ಬಂದಿತ್ತು. ಅಂಥ ಪಂದ್ಯಗಳಲ್ಲಿ ಗಾಳಿ ಅಳೆಯುವುದು ದಡದಿಂದಲ್ಲ, ಓಟ ನಡೆಯುವ ನೀರಿನ ಮೇಲೆಯೇ ನಿಂತ ದೋಣಿಯಿಂದ.

ದೋಣಿ ಇಲ್ಲದ ನಾವು ನೀರನ್ನೇ ನೋಡುತ್ತೇವೆ. ನೀರಿನ ನೋಟದಿಂದಲೇ ಗಾಳಿಯ ವೇಗ ಅಂದಾಜಿಸುವ ಬೋಫರ್ಟ್ ಮಾಪನದಲ್ಲಿ 7ರಿಂದ 10 ನಾಟ್ ಎಂದರೆ ಅಲ್ಲೊಂದು ಇಲ್ಲೊಂದು ಬಿಳಿ ನೊರೆ, 11 ದಾಟಿದರೆ ನೊರೆ ಆಗಾಗ್ಗೆ. ಹರಿವು ಗಾಳಿಗೆ ಎದುರಾಗಿದ್ದರೆ ನೊರೆ ಬೇಗ ಏಳುತ್ತದೆ, ಗಾಳಿ ದಡದ ಕಡೆಯಿಂದ ಬಂದರೆ ಹತ್ತಿರದ ನೀರು ಸುಮ್ಮನೆ ಮಲಗಿರುತ್ತದೆ. ಆ ದಡದ ಗಾಳಿಯಲ್ಲಂತೂ ಎಷ್ಟೇ ನಾಟ್ ತೋರಿಸಲಿ, ಎತ್ತಿಕೊಂಡು ಬರುವ ದೋಣಿ ಇಲ್ಲದೆ ನಾನು ಇಳಿಯುವುದಿಲ್ಲ. ಬಿದ್ದರೆ ಅದು ಒಯ್ಯುವುದು ಆಚೆಗೇ. ಇನ್ನೊಂದು, ತಂಪು ಗಾಳಿ ಭಾರ. 10 ಡಿಗ್ರಿಯ ಗಾಳಿಗೆ ಹೋಲಿಸಿದರೆ 35 ಡಿಗ್ರಿಯ ಗಾಳಿ ಶೇಕಡಾ 8ರಷ್ಟು ಹಗುರ, ಎಳೆತವೂ ಅಷ್ಟೇ ಕಡಿಮೆ. ಬಿಸಿಲ ದಿನದ ಒಂಬತ್ತು ಚಳಿಯ ದಿನದ ಒಂಬತ್ತಿನಷ್ಟು ಜಗ್ಗುವುದಿಲ್ಲ ಎಂದು ಹಳಬರು ಹೇಳುವುದು ಬರೀ ಮಾತಲ್ಲ.

ನೋಟ್‌ಬುಕ್ಕಿನಲ್ಲಿ ಈಗ 31 ಸಾಲುಗಳಿವೆ. ಸರಾಸರಿ 8.5ರ ಮೇಲೆ, ಇಳಿತ 7ರ ಕೆಳಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಕೂರದ ದಿನ ನನಗೆ ಸವಾರಿ ಸಿಕ್ಕಿದೆ, ಒಂದೇ ಒಂದು ದಿನದ ಹೊರತು. ಅವತ್ತು ಸರಾಸರಿ 9.4, ಇಳಿತ 8. ಆದರೂ ಕೈಟ್ ನಿಲ್ಲಲಿಲ್ಲ. ಆ ಸಾಲಿನ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದೆ. ಮೊನ್ನೆ ಗೆಳೆಯ ಅದರ ಕೆಳಗೆ ಪೆನ್ಸಿಲ್ಲಿನಲ್ಲಿ ಗೀಚಿದ್ದಾನೆ: "ಹಿಂದಿನ ದಿನ ನೀನು ಕೈಟನ್ನು ಒದ್ದೆಯಲ್ಲೇ ಮಡಚಿಟ್ಟಿದ್ದೆ. ಮರಳು ಕೂಡ ಕೊಡವಿರಲಿಲ್ಲ."